ಲೊಡಕ್ ಎಂದ ಕೂಸು

ಹಾಲ್ಕುರಿಕೆಯ ಮಹಿಳಾ ಸಮಾಜದವರು ಆ ವರ್ಷ ನಾಟಕ ಆಡಲು ಹೊರಟಾಗ ಗಿರಿಜಾಂಬಿಕೆಗೆ ತಾಯಿಯ ಪಾತ್ರ ಸಿಕ್ಕಿತು. ಇಡೀ ನಾಟಕಕ್ಕೆ ಒಂದೇ ಜೋಗುಳ, ಅದು ಅವಳದು. ಜ್ವರದಲ್ಲಿ ನರಳಿದ ಕೂಸು ಆಗತಾನೇ ನಿದ್ದೆಗೆ ಜಾರಿದೆ. ತಾಯಿ ತೊಟ್ಟಿಲು ತೂಗುತ್ತಾ ಹಾಡಬೇಕು. ಗಿರಿಜೆಯ ಕಂಠ ಚೆನ್ನಾಗಿತ್ತು. ಆದರೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ತವರಿನಲ್ಲೂ ಅವಳೇ ಕೊನೆಯವಳು. ತೊಟ್ಟಿಲು ತೂಗಿ ಗೊತ್ತಿದ್ದ ಕೈಯಲ್ಲ.

ಕೂಸಿಗೆ ಬೊಂಬೆ ಸಿಗದೆ, ಸುಲಿದ ತೆಂಗಿನಕಾಯಿಗೆ ಹಳೇ ಪಂಚೆ ಸುತ್ತಿ ಮಲಗಿಸಿದ್ದರು.

ಹಾರ್ಮೋನಿಯಂ ನುಡಿಸುತ್ತಿದ್ದ ಶಂಭುಲಿಂಗಯ್ಯ ಮೇಷ್ಟ್ರು ಕೊನೆಯ ಪ್ರಾಕ್ಟೀಸಿನಲ್ಲಿ ಕೈ ನಿಲ್ಲಿಸಿಬಿಟ್ಟರು.

"ಬಸ್ಸು ತಪ್ಪೋಯ್ತದೆ ಅನ್ನೋ ಹಂಗೆ ಓಡ್ತೀಯಲ್ಲಮ್ಮ. ನಾನೂ ನಿನ್ನ ಹಿಂದೆ ಓಡ್ಬೇಕು."

"ಪದ ತಪ್ತಾ ಮೇಷ್ಟ್ರೇ?"

"ಪದ ಸರಿಯಾಗೇ ಅದೆ, ಶ್ರುತಿ ಸರಿಯಾಗೇ ಅದೆ. ಕೂಸು ಮಾತ್ರ ಎದ್ದು ಕೂತದೆ. ನಾಳೆ ಶುರುನಲ್ಲೇ ಹಿಂಗಾದ್ರೆ ಒಂದೇ ಸಾಲಿಗೆ ಹಾಡು ಮುಗಿಸಿಬುಡ್ತೀನಿ."

ಎಲ್ಲರೂ ನಕ್ಕರು. ಗಿರಿಜೆ ಮುಖ ಸಣ್ಣದು ಮಾಡಿಕೊಂಡು, ಕಾಯಿಕೂಸನ್ನು ಎತ್ತಿಕೊಂಡು ಮನೆಗೆ ಬಂದಳು.

ಅತ್ತೆ ಮೀನಾಕ್ಷಮ್ಮ ಅಟ್ಟದಿಂದ ಇಳಿಸಿದ ಕಾಯಿಗಳನ್ನು ಮುಂದೆ ಹಾಕಿಕೊಂಡು ಕೂತಿದ್ದರು. ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸುವುದು; ಒಳಗೆ ನೀರು ಆರಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದ್ದರೆ ಲೊಡಕ್ ಅನ್ನುತ್ತದೆ, ಅದು ಒಂದು ಕಡೆಗೆ; ನೀರು ಗುಳುಗುಳು ಅಂದರೆ ಮತ್ತೆ ಅಟ್ಟಕ್ಕೆ. ಮಾತು ಕಮ್ಮಿ ಅವರದು. ಸೊಸೆ ಹೇಳಿಕೊಂಡಿದ್ದನ್ನೆಲ್ಲ ಕೇಳಿ, ಕೊನೆಗೆ ಒಂದೇ ಮಾತು ಕೇಳಿದರು.

"ತೂಗೋವಾಗ ಕೂಸಿನ ಮುಖ ನೋಡ್ತೀಯಾ?"

"ಅದಕ್ಕೆಲ್ಲಿ ಮುಖ ಅತ್ತೆ? ಕಾಯಿ ಅದು."

"ಯಾಕೆ, ಮೂರು ಕಣ್ಣು ಇಲ್ವಾ?"

ಮಾರನೆಯ ದಿನ ಮಧ್ಯಾಹ್ನ ಹೊರಡುವಾಗ ಗಿರಿಜೆ ತನ್ನ ಕೂಸನ್ನು ಹುಡುಕಿದಳು.

"ಅದನ್ನ ಬೆಳಿಗ್ಗೆ ಚಟ್ನಿಗೆ ಒಡೆದುಬುಟ್ಟೆ ಕಣೇ. ಬೇರೆ ಸುತ್ತಿ ಇಟ್ಟಿದೀನಿ, ತಗೊಂಡ್ಹೋಗು."

ಇಸ್ಕೂಲಿನ ಜಗುಲಿಯೇ ರಂಗ. ತೊಟ್ಟಿಲ ನೆತ್ತಿಗೇ ಮೈಕು ಇಳಿಬಿಟ್ಟಿದ್ದರು. ಪರದೆ ಸರಿಯಿತು, ಗಿರಿಜೆ ತೊಟ್ಟಿಲನ್ನು ಒಮ್ಮೆ ತೂಗಿದಳು. ಸ್ಪೀಕರಿನೊಳಗಿಂದ ಊರಿಗೆಲ್ಲ ಕೇಳಿಸುವಂತೆ 'ಲೊಡಕ್' ಎಂದಿತು.

ಕೂತಿದ್ದವರೆಲ್ಲ ಕೊಬ್ಬರಿ ಮನೆಯವರು. ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕೂಸು ಕೊಬ್ಬರಿ ಆಗೋಗ್ಯದೆ ಕಣ್ರೇ," ಮುಂದಿದ್ದ ಪುಟ್ಟಗಂಗಮ್ಮ ಅಂದಳು. "ತಿಪಟೂರು ಸಂತೆಗೆ ಹಾಕ್ಬೋದು."

ನಗು ಹಿಂದಿನವರೆಗೂ ಹೋಯಿತು. ಮೇಷ್ಟ್ರು ಕತ್ತೆತ್ತಿ ನೋಡಿದರು. ಇನ್ನೊಂದು ಸಲ ಸದ್ದಾದರೆ ತನ್ನ ಹಾಡು ಹೋಯಿತು ಎಂದು ಗಿರಿಜೆಗೆ ಗೊತ್ತಾಯಿತು. ಹಗ್ಗವನ್ನು ಬೆರಳ ತುದಿಯಲ್ಲಷ್ಟೇ ಹಿಡಿದಳು. ಒಳಗಿನ ಕೊಬ್ಬರಿ ಈ ಮಗ್ಗುಲಿಂದ ಆ ಮಗ್ಗುಲಿಗೆ ತಟ್ಟದೆ ಹೊರಳಬೇಕು. ಬಗ್ಗಿ ಪಂಚೆಯೊಳಗಿನ ಮುಖವನ್ನೇ ನೋಡುತ್ತಾ, ಉಸಿರು ಬಿಟ್ಟಷ್ಟು ಮೆಲ್ಲಗೆ ತೂಗಿದಳು. ಹಾಡು ಬೇರೆ ದಾರಿಯಿಲ್ಲದೆ ಕೈಯ ಹಿಂದೆ ಬಂತು. ಮೇಷ್ಟ್ರ ಹಾರ್ಮೋನಿಯಂ ತಿದಿಯೂ ನಿಧಾನವಾಯಿತು.

ನಗು ಯಾವಾಗ ನಿಂತಿತೋ. ಹೆಂಗಸರು ತೊಡೆಯ ಮೇಲಿನ ಮಕ್ಕಳನ್ನು ತಟ್ಟತೊಡಗಿದ್ದರು. ಕಂಬಕ್ಕೊರಗಿ ಕೂತಿದ್ದ ಮೀನಾಕ್ಷಮ್ಮನ ಕೈ ಬರಿಗಾಳಿಯಲ್ಲಿ ಆಡುತ್ತಿತ್ತು. ಹಾಡು ಮುಗಿದ ಮೇಲೆ ಗಿರಿಜೆ ಹಗ್ಗ ಬಿಟ್ಟು, ಎದ್ದೀತೇನೋ ಎಂದು ಒಂದು ಗಳಿಗೆ ಬಗ್ಗಿ ನೋಡಿದಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಕೂಸು ಅತ್ತೆಯ ಕಂಕುಳಲ್ಲಿತ್ತು.

"ನಿನ್ನ ಗಂಡ ಕೂಸಾಗಿದ್ದಾಗ ಇಂಥದ್ದೇ ಕಾಯಿ ಅವನ ಗಿಲಕಿ," ಅಂದರು ಮೀನಾಕ್ಷಮ್ಮ. "ಪಕ್ಕದಲ್ಲಿಲ್ದಿದ್ರೆ ಮಲಗ್ತಿರಲಿಲ್ಲ. ಮಲಗಿದ ಮೇಲೆ ಅದು ಸದ್ದು ಮಾಡಿದ್ರೆ ಎದ್ದುಬುಡೋನು. ನಾನು ತೂಗೋದು ಕಲಿತದ್ದೇ ಹಂಗೆ."

ಗಿರಿಜೆ ನಿಂತಳು. "ಹಂಗಾದ್ರೆ ಇದನ್ನ ಅಲ್ಲಾಡಿಸಿ ನೋಡೇ ಕೊಟ್ರಾ?"

"ಅಲ್ಲಾಡಿಸದೆ ನಾನು ಯಾವ ಕಾಯಿ ಕೊಟ್ಟಿದೀನೇ?"

ಇಬ್ಬರಿಗೂ ನಗು ಬಂತು. ಮನೆ ಹತ್ತಿರವಾದಾಗ ಗಿರಿಜೆ, ನಾಳೆಯ ಚಟ್ನಿಗೆ ಇದನ್ನೇ ಒಡೆಯಲಾ ಎಂದಳು.

"ಬೇಡ, ಬೇರೆ ತಗೋ," ಎಂದು ಮೀನಾಕ್ಷಮ್ಮ ಪಂಚೆಯ ಸೆರಗನ್ನು ಕಾಯಿಯ ಮೇಲೆ ಸರಿಮಾಡಿದರು.