ನಿಧಾನದ ಗುಂಡು

೧

ಹೇಗೆ ಶುರು ಮಾಡೋದು ಅನ್ನೋದೇ ತಲೆನೋವಾಗಿದೆ. ಮೊದಲ ಸಾಲು ಹೀಗಿತ್ತು: ‘ಸೆಪ್ಟೆಂಬರ್ ಮಂಜಿನಲ್ಲಿ ಜೌಗು ಬಯಲು ನಿದ್ದೆ ಹೋಗಿತ್ತು.’ ಹೊಡೆದುಹಾಕಿದೆ. ಬಯಲು ಯಾಕ್ರೀ ನಿದ್ದೆ ಹೋಗುತ್ತೆ, ಅದೇನು ರಾತ್ರಿಪಾಳಿ ಮಾಡಿ ಬಂದಿತ್ತಾ? ಎರಡನೆಯದು: ‘ಕೋವಿಗೆ ತೋಟಾ ಆರಿಸುವುದೂ ಒಂದೇ, ಗಂಡನನ್ನು ಆರಿಸುವುದೂ ಒಂದೇ.’ ಪರವಾಗಿಲ್ಲ ಅಂದುಕೊಳ್ಳುವಷ್ಟರಲ್ಲಿ ನಾಯಕಿಯೇ ಬಂದು ನಿಂತಳು.

“ಥೂ, ತೆಗಿ ಅದನ್ನ. ಗಂಡನ್ನ ಆರಿಸಿದ್ದು ಒಂದು ಡ್ಯಾನ್ಸ್ ಮುಗಿಯೋದ್ರೊಳಗೆ. ಈ ತೋಟಾಕ್ಕೆ ಇಡೀ ಚಳಿಗಾಲ ನಿದ್ದೆಗೆಟ್ಟಿದ್ದೀನಿ.”

ಇವಳು ಮೈಕೆನ್. ಸ್ವೀಡನ್ನಿನ ಯೆಮ್ಟ್‌ಲಾಂಡಿನ ನಮ್ಮ ಹಳ್ಳಿಯಲ್ಲಿ ಸ್ಕೂಲ್ ಬಸ್ ಓಡಿಸುತ್ತಾಳೆ. ಐವತ್ತು ದಾಟಿದೆ, ಐಸ್ ಕಟ್ಟಿದ ರಸ್ತೆಯಲ್ಲೂ ಸ್ಟಿಯರಿಂಗ್ ನಡುಗಿಸಿದವಳಲ್ಲ. ಈಗ ಕೋವಿ ಹಿಡಿದರೆ ಕೈ ನಡುಗುತ್ತದೆ. ಯಾಕೆ ಅಂತ ಹೇಳಲೇಬೇಕು, ಅವಳಿಗೆ ಇಷ್ಟವಿಲ್ಲದಿದ್ದರೂ.

೨

ಕಳೆದ ವರ್ಷ ಮೂಸ್ ಬೇಟೆಯ ಮೊದಲ ಸೋಮವಾರ. (ಮೂಸ್ ಅಂದರೆ ನಮ್ಮ ಕಡವೆಯ ದೊಡ್ಡಪ್ಪ ಅಂದುಕೊಳ್ಳಿ, ಕುದುರೆಗಿಂತ ಎತ್ತರ.) ಎಲ್ಲರ ಹಾಗೆ ಅವಳದ್ದೂ ‘ತರ್ಟಿ ಓ ಸಿಕ್ಸ್’ ಕೋವಿ. ವೇಗದ ಗುಂಡು, ದೂರ ಹೋಗುತ್ತದೆ, ಯಾವ ಅಂಗಡಿಗೆ ಹೋದರೂ ಸಿಗುತ್ತದೆ. ಜೌಗಿನ ಆಚೆ ದಡದಲ್ಲಿ ಒಂದು ಗಂಡು ಮೂಸ್ ಕಂಡಿತು. ದೂರ ಇತ್ತು. ಹೊಡೆದಳು. ಗುಂಡು ಹೊಟ್ಟೆಗೆ ಬಿತ್ತು.

ಗಾಯಗೊಂಡ ಮೂಸನ್ನು ಬಿಟ್ಟು ಮನೆಗೆ ಹೋಗುವ ಹಾಗಿಲ್ಲ ಇಲ್ಲಿ. ಬೇಟೆ ಅಲ್ಲಿಗೇ ನಿಂತಿತು, ಇಡೀ ತಂಡ ಕತ್ತಲಾಗುವ ತನಕ ಹುಡುಕಿತು. ಮಾರನೇ ಬೆಳಿಗ್ಗೆ ನಾಯಿ ರಾಸ್ಕ್ ಅದನ್ನು ಒಂದು ಸ್ಪ್ರೂಸ್ ಮರದ ಬುಡದಲ್ಲಿ ಪತ್ತೆ ಮಾಡಿತು. ಇನ್ನೂ ಉಸಿರಾಡುತ್ತಿತ್ತು.

“ಸಾಕು ಬರೆದಿದ್ದು,” ಅಂದಳು ಮೈಕೆನ್.

ಸಾಕು. ಅವಳ ಪಾಲಿನ ಮಾಂಸ ಇನ್ನೂ ಫ್ರೀಜರಿನಲ್ಲೇ ಇದೆ, ಒಂದು ತುಂಡೂ ತಿಂದಿಲ್ಲ. ಅವಳ ದೊಡ್ಡಪ್ಪ ಸಿಕ್ಸ್‌ಟನ್, ಅವನೇ ತಂಡದ ಯಜಮಾನ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಇನ್ನೊಂದ್ಸಲ ಹಿಂಗಾದ್ರೆ ನೀನು ಕೋವಿ ಒಪ್ಪಿಸಿಬಿಡು, ಮಗಳೇ,” ಅಂದ ಅಷ್ಟೇ. ಅವಳೂ ಹೂಂ ಅಂದಳು.

೩

ಆಮೇಲೆ ಮೈಕೆನ್ ಹಳೇ ಕೋವಿ ಮಾರಿ, ಪಕ್ಕದ ಊರಿನ ಒಬ್ಬ ವಿಧವೆಯಿಂದ ಇನ್ನೂ ಹಳೇದೊಂದು ತಂದಳು. ಅದು ತಿನ್ನುವುದು 9.3×57 ಅನ್ನೋ ತೋಟಾ. ಒಂಬತ್ತು ಚಿಲ್ಲರೆ ಮಿಲಿಮೀಟರ್ ದಪ್ಪ, ಭಾರ, ನಿಧಾನ. ಒಂದು ಕಾಲದಲ್ಲಿ ಈ ಕಾಡಿನ ಮನೆಮನೆಯಲ್ಲೂ ಇತ್ತಂತೆ. ಈಗ ಅಂಗಡಿಯಲ್ಲಿ ಕೇಳಿದರೆ ಹುಡುಗ ಕಂಪ್ಯೂಟರ್ ನೋಡಿ, ನಿಮ್ಮ ಮುಖ ನೋಡಿ, ಮತ್ತೆ ಕಂಪ್ಯೂಟರ್ ನೋಡುತ್ತಾನೆ. ಹಾಗಾಗಿ ಮೈಕೆನ್ ಖಾಲಿ ಕವಚಗಳಿಗೆ ಅಡುಗೆಮನೆ ಮೇಜಿನ ಮೇಲೆ ತಾನೇ ಮದ್ದು ತುಂಬುತ್ತಾಳೆ. ಹಾರಿಬಿದ್ದ ಪ್ರತಿ ಕವಚವನ್ನೂ ಕಳೆದ ಓಲೆ ಹುಡುಕುವವರ ಹಾಗೆ ಹುಲ್ಲಿನಲ್ಲಿ ಹುಡುಕುತ್ತಾಳೆ.

ಈ ವರ್ಷದ ಬೇಟೆಯ ಹಿಂದಿನ ದಿನ ತಂಡದವರೆಲ್ಲ ಬೇಟೆ ಗುಡಿಸಲಿನ ಮುಂದೆ ಬೆಂಕಿ ಹಾಕಿ ಸಾಸೇಜ್ ಸುಡುತ್ತಿದ್ದರು. ಸಿಕ್ಸ್‌ಟನ್ ಅವಳ ಕೋವಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

“ಏನಮ್ಮಾ ಇದು, ಮ್ಯೂಸಿಯಮ್‌ನಿಂದ ಎತ್ಕೊಂಡು ಬಂದ್ಯಾ?”

“ಮ್ಯೂಸಿಯಮ್‌ನಲ್ಲಿ ನಿಮ್ಮನ್ನೂ ಕೇಳ್ತಿದ್ರು ದೊಡ್ಡಪ್ಪ, ಯಾವಾಗ ವಾಪಸ್ ಬರ್ತೀರಾ ಅಂತ.”

ನಾಯಿಯ ಯಜಮಾನ ಹೋಲ್ಗರ್ ಹೊಟ್ಟೆ ಹಿಡಿದು ನಕ್ಕ. ಅವನು ಪಾಪ, ದೇವರಂಥ ಮನುಷ್ಯ, ಸ್ವಲ್ಪ ಅವಸರ ಜಾಸ್ತಿ. “ತೋಟಾ ಮುಗಿದ್ರೆ ಏನ್ ಮಾಡ್ತೀಯೇ? ತಗೋ, ನಂದೂ ಒಂಬತ್ತು ಪಾಯಿಂಟ್ ಮೂರೇ,” ಅಂತ ಜೇಬಿನಿಂದ ಒಂದು ಹಿಡಿ ತೆಗೆದು ಅವಳ ಕೈಗೆ ಸುರಿದ.

ಅವನದ್ದು 9.3×62. ದಪ್ಪ ಅದೇ, ಕವಚ ಮಾತ್ರ ಐದು ಮಿಲಿಮೀಟರ್ ಹೆಚ್ಚು ಉದ್ದ, ಅವಳ ಕೋವಿಗೆ ಕೂರುವುದಿಲ್ಲ.

೪ (ಕೈಬಿಟ್ಟಿದ್ದು)

ಇಲ್ಲಿ ನನ್ನ ತಲೆಗೆ ಒಂದು ಭರ್ಜರಿ ಐಡಿಯಾ ಬಂತು. ಹೋಲ್ಗರ್ ಕೊಟ್ಟ ತೋಟಾ ಹೇಗೋ ಮೈಕೆನ್‌ಳ ಕೋವಿಯೊಳಗೆ ಸೇರಿಕೊಳ್ಳುತ್ತದೆ. ಮೂಸ್ ಬಂದು ನಿಲ್ಲುತ್ತದೆ. ಕೋವಿಯ ಚಿಲಕ ಮುಚ್ಚುವುದಿಲ್ಲ! ಓದುಗರು ಉಗುರು ಕಚ್ಚುತ್ತಾರೆ, ನನಗೊಂದು ಪ್ರಶಸ್ತಿ.

“ನನ್ನನ್ನೇನು ದಡ್ಡಿ ಅಂದ್ಕೊಂಡಿದ್ದೀಯಾ?” ಮೈಕೆನ್‌ಗೆ ನಿಜಕ್ಕೂ ಸಿಟ್ಟು ಬಂದಿತ್ತು. “ಒಂದೊಂದನ್ನೂ ಮೇಜಿನ ಮೇಲೆ ಇಟ್ಟು ನೋಡ್ತೀನಿ ನಾನು. ಅವನು ಕೊಟ್ಟಿದ್ದು ಉದ್ದ ಅಂತ ಕೈಗೆ ಬಿದ್ದ ತಕ್ಷಣ ಗೊತ್ತಾಯ್ತು. ಎಲ್ಲರೆದುರು ಅವನ ಮರ್ಯಾದೆ ಯಾಕೆ ತೆಗೀಲಿ ಅಂತ ಸುಮ್ನಿದ್ದೆ. ಆಮೇಲೆ ಅವನ ಜಾಕೆಟ್ ಜೇಬಿಗೇ ಹಾಕಿದೀನಿ.”

ಪ್ರಶಸ್ತಿ ಹೋಯಿತು.

೪ (ಮತ್ತೆ)

ಬೆಳಿಗ್ಗೆ ಯಾರು ಎಲ್ಲಿ ಕಾದು ಕೂರಬೇಕು ಅನ್ನುವುದಕ್ಕೆ ಇಸ್ಪೀಟ್ ಎಲೆ ಎಳೆಯುತ್ತಾರೆ. ಮೈಕೆನ್ ಎಳೆದದ್ದು ಇಸ್ಪೀಟ್ ರಾಣಿ. ಅಂದರೆ ಜೌಗು ಬಯಲು. ಕಳೆದ ವರ್ಷದ್ದೇ ಜಾಗ.

ಅವಳು ಎಲೆಯನ್ನು ಎರಡನೇ ಸಲ ನೋಡಲಿಲ್ಲ, ಸೀದಾ ನನ್ನ ಕಡೆ ನೋಡಿದಳು. “ನೀನೇ ತಾನೇ?”

(ಹೌದು, ನಾನೇ. ಬೇರೆ ಜಾಗ ಕೊಟ್ಟಿದ್ದರೆ ಕಥೆ ಎಲ್ಲಿರುತ್ತಿತ್ತು ಹೇಳಿ?)

“ಬೇಡ ಅಂದ್ರೆ ಎಲೆ ಬದಲಾಯಿಸ್ತೀನಿ,” ಅಂದೆ.

“ಬಿಡು. ಎಲ್ಲಾ ಕಡೆಯೂ ಅದೇ ಜೌಗು ನನಗೆ.”

ಅವಳ ಜೊತೆ ನಾನೂ ಹೋದೆ, ಕಾಫಿ ಫ್ಲಾಸ್ಕ್ ಹೊತ್ತುಕೊಂಡು. ಬಯಲಿನ ನಡುವೆ ಒಂದು ಒಣಗಿದ ಪೈನ್ ಮರ. ಮೈಕೆನ್ ಹೋಗಿ ಅದಕ್ಕೆ ಕಿತ್ತಳೆ ಬಣ್ಣದ ರಿಬ್ಬನ್ ಕಟ್ಟಿ ಬಂದಳು.

“ಅದೇನು?”

“ಗಡಿ. ಈ ಗುಂಡು ಅಲ್ಲಿತನಕ ನೆಟ್ಟಗೆ ಹೋಗುತ್ತೆ. ಆಮೇಲೆ ಇಳಿಯೋಕೆ ಶುರು.”

“ಹಂಗಾದ್ರೆ ದೂರ ಹೋಗೋದನ್ನೇ ತಗೋಬಹುದಿತ್ತಲ್ಲ, ಮಾರಾಯ್ತಿ?”

ಅವಳು ಕಾಯುವ ಜಾಗದ ಬೆಂಚಿನ ಮೇಲೆ ಕೂತು ಕೋವಿ ತೊಡೆಯ ಮೇಲಿಟ್ಟುಕೊಂಡಳು. “ದೂರ ಹೋಗೋದು ಕೈಲಿದ್ರೆ ನಾನು ದೂರಕ್ಕೆ ಹೊಡೀತೀನಿ. ನನ್ನ ಬುದ್ಧಿ ನಂಗೆ ಗೊತ್ತು. ಇದು ದೂರ ಹೋಗಲ್ಲ, ಅದಕ್ಕೇ ತಗೊಂಡಿದ್ದು.”

ಚಳಿಗಾಲವೆಲ್ಲ ನಾನು ಇದನ್ನು ಶಕ್ತಿಯ ಲೆಕ್ಕಾಚಾರ ಅಂದುಕೊಂಡಿದ್ದೆ. ದಪ್ಪ ಗುಂಡು, ದೊಡ್ಡ ಪ್ರಾಣಿ, ಹೀಗೆ. ಹಿಂದಿನ ಪುಟಗಳನ್ನೆಲ್ಲ ತಿದ್ದಬೇಕಿತ್ತು, ತಿದ್ದಿಲ್ಲ.

೫

ದೂರದಲ್ಲಿ ರಾಸ್ಕ್ ಬೊಗಳಿತು. ಬೊಗಳು ಹತ್ತಿರವಾಯಿತು, ನಿಂತಿತು. ಕಾಡಿನಂಚಿನಿಂದ ಮೂಸ್ ಹೊರಬಂತು, ಗಂಡು. ನೀರಿನಲ್ಲಿ ಚಪಚಪ ಸದ್ದು ಮಾಡುತ್ತ ಬಯಲಿಗಿಳಿದು ಪೈನ್ ಮರದ ಆಚೆ ನಿಂತುಬಿಟ್ಟಿತು. ಈಚೆಗೆ ನಾಲ್ಕು ಹೆಜ್ಜೆ ಇಟ್ಟರೆ ರಿಬ್ಬನ್ ದಾಟುತ್ತದೆ. ಇಡುತ್ತಿಲ್ಲ.

ರೇಡಿಯೋದಲ್ಲಿ ಸಿಕ್ಸ್‌ಟನ್ ಪಿಸುಗುಟ್ಟಿದ: “ಮೈಕೆನ್, ನಿನ್ ಕಡೆ ಬಂತಲ್ಲ. ಕಾಣ್ತಾ?”

ಅವಳ ಕೋವಿ ಭುಜಕ್ಕೆ ಏರಿತ್ತು, ಸೇಫ್ಟಿ ತೆಗೆದಿರಲಿಲ್ಲ. ಕೊಳವೆಯ ತುದಿ ನಡುಗುತ್ತಿತ್ತು.

ಹೇಳಿ ಓದುಗರೇ, ಇಲ್ಲಿಂದ ಯಾವ ಕಡೆ ಹೋಗಲಿ?

ಮುಕ್ತಾಯ ಅ: ಮೂಸ್ ಈಚೆ ಬರುತ್ತದೆ, ಒಂದೇ ಈಡು, ನಿಂತಲ್ಲೇ ಬೀಳುತ್ತದೆ. ಸಿಕ್ಸ್‌ಟನ್ ಬಂದು ಮ್ಯೂಸಿಯಮ್ ಕೋವಿಗೆ ಟೋಪಿ ತೆಗೆಯುತ್ತಾನೆ.

ಮುಕ್ತಾಯ ಆ: ಮೂಸ್ ತಿರುಗಿ ಕಾಡಿಗೆ ಹೋಗುತ್ತದೆ. ಹೋಲ್ಗರ್ ವರ್ಷವಿಡೀ ರೇಗಿಸುತ್ತಾನೆ. ಮೈಕೆನ್ ಮನೆಗೆ ಹೋಗಿ ಫ್ರೀಜರ್ ತೆರೆಯುತ್ತಾಳೆ.

ಮುಕ್ತಾಯ ಇ: ಅವಳು ಇಲ್ಲಿಂದಲೇ ಹೊಡೆಯುತ್ತಾಳೆ. (ಇದನ್ನು ಅರ್ಧ ಬರೆದೆ. ಸ್ಪ್ರೂಸ್ ಮರದ ಬುಡ ಬಂದಾಗ ಕೈ ಓಡಲಿಲ್ಲ, ಹರಿದುಹಾಕಿದೆ.)

ಆಗ ಹೊಳೆಯಿತು ನೋಡಿ. ಎಷ್ಟು ಸುಲಭ! ಮೈಕೆನ್‌ಳ ಕಿವಿಯ ಹತ್ತಿರ ಬಗ್ಗಿದೆ.

“ಆ ಮರಾನ ಸ್ವಲ್ಪ ಆಚೆ ನಿಲ್ಲಿಸ್ಲಾ? ನಾಲ್ಕೇ ಹೆಜ್ಜೆ. ಒಂದು ಪದ ತಿದ್ದಿದ್ರೆ ಆಯ್ತು, ಯಾರಿಗೂ ಗೊತ್ತಾಗಲ್ಲ. ಮೂಸ್ ಗಡಿ ಒಳಗೇ ಇರುತ್ತೆ.”

ಅವಳು ಮೂಸ್ ಮೇಲಿಂದ ಕಣ್ಣು ತೆಗೆಯದೆ, ತುಟಿಯಲ್ಲೇ ಹೇಳಿದಳು:

“ಮರ ಮುಟ್ಟಬೇಡ.”

“ನಿನ್ನ ಒಳ್ಳೇದಕ್ಕೇ...”

“ಹೋದ ವರ್ಷ ನಾನು ಮಾಡಿದ್ದೂ ಅದನ್ನೇ ಕಣೋ. ದೂರ ಇತ್ತು. ಮನಸ್ಸಲ್ಲೇ ಹತ್ತಿರ ಎಳ್ಕೊಂಡೆ.”

ಕೊಳವೆಯ ತುದಿ ನಿಂತಿತ್ತು. ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ, ಏಕೆಂದರೆ ಅಷ್ಟರಲ್ಲಿ ನಡುಗಲು ಶುರುವಾಗಿದ್ದು ನನ್ನ ಕೈ. ಫ್ಲಾಸ್ಕಿನ ಮುಚ್ಚಳ ಟಕಟಕ ಅನ್ನುತ್ತಿತ್ತು.

“ಅದನ್ನ ಕೆಳಗಿಡು,” ಅಂದಳು. “ಪೆನ್ನೂ.”

ರೇಡಿಯೋ ಮತ್ತೆ ಕರೆಯಿತು: “ಮೈಕೆನ್? ಯಾಕೆ ಈಡು ಕೇಳ್ತಿಲ್ಲ?”

ಫ್ಲಾಸ್ಕ್ ಕೆಳಗಿಟ್ಟಿದ್ದೇನೆ. ಮರ ಎಲ್ಲಿತ್ತೋ ಅಲ್ಲೇ ಇದೆ, ಒಂದು ಅಕ್ಷರವನ್ನೂ ತಿದ್ದಿಲ್ಲ. ಮೂಸ್ ಒಂದು ಕಾಲೆತ್ತಿದೆ, ಯಾವ ಕಡೆ ಊರುತ್ತದೋ ನನಗೂ ಗೊತ್ತಿಲ್ಲ. ಮೈಕೆನ್ ಕಾಯುತ್ತಿದ್ದಾಳೆ, ಅವಳಿಗೆ ಅವಸರವಿಲ್ಲ. ನಿಮಗಿದ್ದರೆ ನೀವು ಎದ್ದು ಹೋಗಿ, ಆದರೆ ಸದ್ದು ಮಾಡಬೇಡಿ, ಕುರ್ಚಿ ಎಳೀಬೇಡಿ.