ಎಪ್ಪತ್ತೊಂಬತ್ತಕ್ಕೆ ಪಾದರಸ

ನನ್ನ ಹೆಂಡತಿ ಚಿಕ್ಕವೆಂಕಟಮ್ಮ ದೇವರ ಪಾದ ಸೇರಿದ ಮೇಲೆ ಮೊಮ್ಮಗಳು ಶ್ಯಾಮಲ ಬಂಗಾರಪೇಟೆಯ ಕಾಲೇಜಿಗೆ ಹೋಗುವುದನ್ನೇ ಬಿಟ್ಟಳು. ಅವಳನ್ನು ಎತ್ತಿ ಆಡಿಸಿ ಬೆಳೆಸಿದವಳು ಅಜ್ಜಿಯೇ. ಅವಳಪ್ಪ ಗದರಿದ, ನಾನು ಬುದ್ಧಿ ಹೇಳಿದೆ. ಓದು ಸಾಕು, ಹಸು ನೋಡಿಕೊಂಡಿರುತ್ತೇನೆ ಎಂದಳು. ಸೋಮವಾರ ಪ್ರಾಜೆಕ್ಟ್ ತೋರಿಸದಿದ್ದರೆ ಅವಳ ಈ ವರ್ಷ ಹೋದಂತೆಯೇ.

ಭಾನುವಾರ ಅವಳ ಜೊತೆಗಾತಿ ಸುಮಿತಾ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸ್‌ನಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದಳು. ಇಬ್ಬರದೂ ಒಂದೇ ಪ್ರಾಜೆಕ್ಟ್. ಶಾಲೆಯ ಮಕ್ಕಳು ಪರಮಾಣು ಸಂಖ್ಯೆ ಒತ್ತಿದರೆ ಆ ಮೂಲವಸ್ತುವಿನ ಸಂಕೇತ ಕಾಣಬೇಕು. ಸಂಕೇತಗಳೆಲ್ಲ ಪೈಥಾನ್ ಕಂಪ್ಯೂಟರ್ ಭಾಷೆಯಲ್ಲಿ ಬಳಸುವ ಆರ್‌ಡಿಕಿಟ್ ಎಂಬ ಲೈಬ್ರರಿಯಲ್ಲಿ ಮೊದಲೇ ಇವೆಯಂತೆ. ಅಲ್ಲಿಂದ ಕ್ರಮವಾಗಿ ತೆಗೆದು ಸಾಲಾಗಿ ಜೋಡಿಸಿದ್ದರು. ಆದರೆ ಚಿನ್ನದ ಸಂಖ್ಯೆ ಎಪ್ಪತ್ತೊಂಬತ್ತನ್ನು ಒತ್ತಿದರೆ ಪಾದರಸ ಬರುತ್ತಿತ್ತು. ಕಬ್ಬಿಣ ಕೇಳಿದರೆ ಕೋಬಾಲ್ಟ್.

“ಗಣಿ ಮುಚ್ಚೋಗೈತೆ ಅಂತ ಇದಕ್ಕೂ ಗೊತ್ತಾಗೈತೆ ಕಣೇ,” ಎಂದಳು ಸುಮಿತಾ.

ಶ್ಯಾಮಲ ನಗಲಿಲ್ಲ. ತಪ್ಪು ತನ್ನ ಭಾಗದಲ್ಲೇ ಇರಬೇಕು, ತನ್ನ ಹೆಸರು ತೆಗೆದು ನೀನೊಬ್ಬಳೇ ತೋರಿಸು ಎಂದು ಹೇಳಿ ಎದ್ದುಬಿಟ್ಟಳು.

ಅಂದು ಮನೆಯಲ್ಲಿ ಹಿಟ್ಟು ಮುಗಿದಿತ್ತು. ಹೆಂಡತಿ ಹೋದ ಮೇಲೆ ರಾಗಿ ಡ್ರಮ್ಮಿನ ಮುಚ್ಚಳವನ್ನು ಯಾರೂ ತೆಗೆದಿರಲಿಲ್ಲ. ನಾನೇ ತೆಗೆದು, ಸೇರಿಗೆ ತುಂಬಿ ಚೀಲಕ್ಕೆ ಸುರಿಯಹೋದೆ.

“ತಾತ, ದ್ಯಾವ್ರ ಇಡಿ ತೆಗೀಲೇ ಇಲ್ವಲ್ಲ,” ಎಂದಳು ಶ್ಯಾಮಲ.

ನಮ್ಮ ಮನೆಯಲ್ಲಿ ಅಳೆಯುವ ಮೊದಲು ಒಂದು ಹಿಡಿ ದೇವರಿಗೆಂದು ಬೇರೆ ಇಡುತ್ತೇವೆ. ಅದು ಲೆಕ್ಕಕ್ಕೆ ಸೇರುವುದಿಲ್ಲ. ಅದನ್ನಿಡದೆ ಲೆಕ್ಕ ಶುರುವಾಗುವುದೂ ಇಲ್ಲ. ಮದುವೆಯಾಗಿ ಬಂದಂದಿನಿಂದ ಅದು ನನ್ನ ಹೆಂಡತಿಯ ಕೈಯ ಕೆಲಸ. ಅವಳೇ ಇಲ್ಲದ ಮೇಲೆ ಇನ್ನು ಯಾವ ಹಿಡಿ ಎಂದುಬಿಟ್ಟೆ.

“ಅಜ್ಜಿ ಇಲ್ಲ ಅಂದ್ರೆ ದ್ಯಾವ್ರೂ ಇಲ್ವಾ?”

ನಾನು ಸೇರನ್ನು ಕೆಳಗಿಟ್ಟೆ. ಅವಳೇ ಬಗ್ಗಿ ಒಂದು ಹಿಡಿ ರಾಗಿ ತೆಗೆದು, ಗೂಡಿನಲ್ಲಿದ್ದ ದೇವರ ಪಟದ ಮುಂದಿನ ತಟ್ಟೆಗೆ ಹಾಕಿದಳು. ಹಾಕಿದವಳು ತಟ್ಟೆಯನ್ನೇ ನೋಡುತ್ತ ನಿಂತಳು. ಆಮೇಲೆ ತಿರುಗಿದಳು.

“ಸುಮಿ, ಸಾಲಿನ ಮೊದಲ್ನಾಗೆ ಒಂದು ಸ್ಟಾರ್ ಇತ್ತಲ್ಲ. ಅದನ್ನ ನಾನೇ ಕಿತ್ತಾಕಿದ್ದು.”

ನನಗೆ ಬಿಡಿಸಿ ಹೇಳಿದವಳು ಸುಮಿತಾ. ಕಂಪ್ಯೂಟರ್ ಎಣಿಸುವುದು ಒಂದರಿಂದಲ್ಲ, ಸೊನ್ನೆಯಿಂದ; ಲೈಬ್ರರಿಯಲ್ಲಿ ಆ ಸೊನ್ನೆಯ ಜಾಗಕ್ಕೆ ನಕ್ಷತ್ರದ ಗುರುತೊಂದು ಇರುತ್ತದೆ. ಅದು ಯಾವ ಮೂಲವಸ್ತುವೂ ಅಲ್ಲ. ಕೆಲಸಕ್ಕೆ ಬಾರದ್ದೆಂದು ಶ್ಯಾಮಲ ಅದನ್ನು ಅಳಿಸಿದಾಗ ಸಾಲೆಲ್ಲ ಒಂದು ಜಾಗ ಹಿಂದಕ್ಕೆ ಜರುಗಿ, ಚಿನ್ನವಿರಬೇಕಾದಲ್ಲಿ ಮುಂದಿನ ಪಾದರಸ ಬಂದು ಕೂತಿತ್ತು. ಗುರುತನ್ನು ಮತ್ತೆ ಇಟ್ಟು ಎಪ್ಪತ್ತೊಂಬತ್ತನ್ನು ಒತ್ತಿದರು. ಚಿನ್ನ ಬಂತು. ಕಬ್ಬಿಣವೂ ಸರಿಯಾಗಿ ಬಂತು.

ಸುಮಿತಾ ಲ್ಯಾಪ್‌ಟಾಪ್ ಮುಚ್ಚಿ, ಹಾಗಾದರೆ ನಿನ್ನ ಹೆಸರು ತೆಗೆಯಲೋ ಬೇಡವೋ ಎಂದು ಕೆಣಕಿದಳು.

“ನೀನೊಬ್ಳೇ ಅಲ್ಲೇನ್ ಒದರ್ತೀಯಾ? ಬೆಳಿಗ್ಗೆ ಬಸ್ನಾಗೆ ನಂಗೊಂದು ಸೀಟ್ ಇಡ್ಕಂಡಿರು, ಬತ್ತೀನಿ,” ಎಂದಳು ಶ್ಯಾಮಲ. ಕಾಲೇಜಿಗೆ ಉಡುವ ಬಟ್ಟೆ ಎಲ್ಲಿದೆಯೋ ನೋಡಲು ಒಳಗೆ ಹೋದಳು.