ಪಟ್ಟಿಯಲ್ಲಿಲ್ಲದ ಹಿಂಡು

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಮುರುಗೇಂದ್ರಪ್ಪನವರು ಪೋಸ್ಟರ್‌ನಲ್ಲಿ ಕಾಣುತ್ತಿದ್ದ ಚಪ್ಪಲಿ ಯಾರದೆಂದು ಕೇಳಿದರು. ಪೋಸ್ಟರ್ ಕಳಿಸಲು ಐದು ಗಂಟೆಯವರೆಗೆ ಅವಕಾಶವಿತ್ತು.

ಸ್ವಪ್ನ ಆಗ ಮೊಳಕಾಲ್ಮೂರಿನಲ್ಲಿ, ಗೆಳತಿ ತ್ರಿವೇಣಿಯ ಮನೆಯಲ್ಲಿದ್ದಳು. ಕೆಳಗೆ ತ್ರಿವೇಣಿಯ ತಂದೆಯ ರೇಷ್ಮೆ ಸೀರೆ ಅಂಗಡಿ, ಮೇಲಿನ ಕೋಣೆಯಲ್ಲಿ ಇಬ್ಬರೂ ಸೇರಿ ಪೋಸ್ಟರ್ ರೂಪಿಸಿದ ಕಂಪ್ಯೂಟರ್. ಉಳ್ಳಾರ್ತಿ ಕಡೆಯ ಸ್ವಪ್ನಳ ಹಟ್ಟಿಯಲ್ಲಿ ಫೋನಿನ ಸಿಗ್ನಲ್ ಮಾತಿಗೆ ಸಾಲುತ್ತಿತ್ತು, ದೊಡ್ಡ ಫೈಲ್ ಕಳಿಸಲು ಸಾಲುತ್ತಿರಲಿಲ್ಲ. ಅದಕ್ಕೇ ಬೆಳಿಗ್ಗೆ ಚಳ್ಳಕೆರೆಗೆ ಬಂದು ಅಲ್ಲಿಂದ ಬಸ್ಸು ಹಿಡಿದಿದ್ದಳು. ಮುರುಗೇಂದ್ರಪ್ಪ ಅವರಿಬ್ಬರಿಗೂ ಎಂ.ಎಸ್ಸಿ.ಯಲ್ಲಿ ಪಾಠ ಹೇಳಿದವರು. ದಾವಣಗೆರೆಯಿಂದ ವಿಡಿಯೋ ಕರೆಯಲ್ಲಿ ಕೊನೆಯ ಬಾರಿಗೆ ಪೋಸ್ಟರ್ ನೋಡುತ್ತಿದ್ದರು.

ಹುಲ್ಲುಗಾವಲುಗಳ ಕುರಿತ ಆ ವಿಜ್ಞಾನ ಸಮ್ಮೇಳನ ಪೂರ್ತಿ ಆನ್‌ಲೈನ್‌ನಲ್ಲೇ ನಡೆಯುವಂಥದ್ದು. ಒಂದು ಪುಟದ ಪೋಸ್ಟರ್, ಜೊತೆಗೆ ಮೂರು ನಿಮಿಷದ ಧ್ವನಿಮುದ್ರಿತ ವಿವರಣೆ. ಸ್ಪರ್ಧೆಯಲ್ಲಿ ಮೊದಲ ಮೂರು ಸ್ಥಾನ ಪಡೆದವರಿಗೆ ಸಂಘಟಕ ಸಂಸ್ಥೆಯಲ್ಲಿ ಆರು ತಿಂಗಳ ಸಂಶೋಧನಾ ಕೆಲಸ. ಸ್ವಪ್ನಳ ಅತಿಥಿ ಉಪನ್ಯಾಸಕಿ ಕೆಲಸ ಮಾರ್ಚ್‌ನಲ್ಲೇ ಮುಗಿದಿತ್ತು. ಬೇರೆ ಅರ್ಜಿ ಯಾವುದೂ ಬಾಕಿ ಇರಲಿಲ್ಲ.

ಚಿತ್ರ ಅವಳೇ ತೆಗೆದದ್ದು. ಮೊಣಕಾಲೆತ್ತರದ ಹುಲ್ಲು, ದೂರದಲ್ಲಿ ಉದ್ದದ ಕಾಂಪೌಂಡು ಗೋಡೆ, ನಡುವೆ ಬರುತ್ತಿರುವ ಹಿಂಡು. ಕೆಳಗೆ ಎಡಮೂಲೆಯಲ್ಲಿ, ಕಾಲುದಾರಿಯ ಪಕ್ಕ, ಒಂದು ಜೊತೆ ನೀಲಿ ಹವಾಯಿ ಚಪ್ಪಲಿ.

ಚಪ್ಪಲಿ ತನ್ನದೇ ಎಂದಳು ಸ್ವಪ್ನ. ದೇವರ ಎತ್ತುಗಳು ಎದುರಾದರೆ ಹಟ್ಟಿಯವರು ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಲ್ಲುತ್ತಾರೆ, ತಾನೂ ನಿಂತಿದ್ದೆ ಎಂದು ವಿವರಿಸಿದಳು. ಮುರುಗೇಂದ್ರಪ್ಪ ನಕ್ಕರು. ಆಮೇಲೆ ಕನ್ನಡಕ ಸರಿಪಡಿಸಿಕೊಂಡು ಪರದೆಗೆ ಹತ್ತಿರವಾದರು.

“ಈ ಎತ್ತುಗಳು ನಿನ್ನ ಪಟ್ಟಿಯಲ್ಲಿ ಎಲ್ಲಿವೆಯಮ್ಮಾ?”

ಪಟ್ಟಿಯಲ್ಲಿ ಕುರಿ, ಮೇಕೆ, ಹಸು, ಎಮ್ಮೆ ಇದ್ದವು. ಕಾವಲಿಗೆ, ಅಂದರೆ ಹಟ್ಟಿಯ ಪಕ್ಕದ ಹುಲ್ಲುಗಾವಲಿಗೆ, ಮೇಯಲು ಬರುವ ಪ್ರತಿಯೊಬ್ಬರ ಹಿಂಡನ್ನೂ ಸ್ವಪ್ನ ಹದಿನೈದು ತಿಂಗಳು, ವಾರಕ್ಕೊಮ್ಮೆ, ದಾರಿಯಲ್ಲಿ ನಿಂತು ಎಣಿಸಿದ್ದಳು, ಹುಲ್ಲನ್ನೂ ಅಳೆದಿದ್ದಳು. ದೇವರ ಎತ್ತುಗಳು ಇರಲಿಲ್ಲ.

ಅವು ಹಟ್ಟಿಯ ದೇವರಿಗೆ ಬಿಟ್ಟ, ಹಸು ಕರುಗಳೂ ಸೇರಿದ ಹಿಂಡು. ಅವುಗಳಿಂದ ಉಳುವುದಿಲ್ಲ, ಅವನ್ನು ಮಾರುವುದಿಲ್ಲ, ಎಣಿಸುವುದೂ ಇಲ್ಲ. ಅವನ್ನು ಕಾಯುವ ಕಿಲಾರಿ ಸ್ವಪ್ನಳ ತಂದೆ ಬೋರಣ್ಣ. ಆ ಹಿಂಡು ಬಂದಾಗಲೆಲ್ಲ ಅವಳು ಪೆನ್ನು ಜೇಬಿಗಿಟ್ಟು, ಚಪ್ಪಲಿ ಬಿಟ್ಟು, ಅವು ದಾಟಿದ ಮೇಲೆ ಮತ್ತೆ ಪೆನ್ನು ತೆಗೆದಿದ್ದಳು. ಏನೋ ಬಿಟ್ಟುಹೋಗುತ್ತಿದೆ ಎಂದು ಒಂದು ಸಲವೂ ಅನಿಸಿರಲಿಲ್ಲ.

ಆದರೆ ಪೋಸ್ಟರ್‌ನ ತೀರ್ಮಾನ ನಿಂತಿದ್ದೇ ಆ ಎಣಿಕೆಯ ಮೇಲೆ. ಇಷ್ಟು ಜಾನುವಾರು ಮೇಯ್ದರೂ ಮಳೆಗಾಲದಲ್ಲಿ ಹುಲ್ಲು ಚೇತರಿಸಿಕೊಳ್ಳುತ್ತದೆ ಎಂದು ಅದು ಹೇಳುತ್ತಿತ್ತು. ‘ಇಷ್ಟು’ ಎಂಬುದು ಈಗ ತಪ್ಪಾಗಿತ್ತು.

ತಂದೆಗೆ ಒಂದು ಫೋನ್ ಮಾಡಿ ಅಂದಾಜು ಸಂಖ್ಯೆ ಕೇಳಿ ಸೇರಿಸಿಬಿಡು ಎಂದು ಹೇಳಿ ಮುರುಗೇಂದ್ರಪ್ಪ ತರಗತಿಗೆ ಹೋದರು. ಕರೆ ಮುಗಿದೊಡನೆ ತ್ರಿವೇಣಿ ಚಿತ್ರದ ಕೆಳಗಿನ ಬಲಮೂಲೆಯನ್ನಷ್ಟೇ ಆಯ್ದು ಹಿಡಿದಳು. ಹಿಂಡೂ ಹೋಗುತ್ತದೆ, ಚಪ್ಪಲಿಯೂ ಹೋಗುತ್ತದೆ, ಬರೀ ಹುಲ್ಲು ಉಳಿಯುತ್ತದೆ ಎಂದಳು.

“ಸರ್ ಆಗಲೇ ನೋಡಿದಾರೆ” ಎಂದಳು ಸ್ವಪ್ನ.

“ಸರ್ ಜಡ್ಜಾ? ನೀನ್ ಒಳ್ಳೇಳೇ ಕಣೆ. ಹದಿನೈದು ತಿಂಗಳು ಎಣಿಸಿ ಎಣಿಸಿ ನಿಮ್ಮಪ್ಪನ ಹಿಂಡನ್ನೇ ಬಿಟ್ಟಿದೀಯ.”

ಸ್ವಪ್ನ ತಂದೆಗೆ ಫೋನ್ ಮಾಡಿದಳು. ಎರಡು ಸಲ ಸಿಗಲಿಲ್ಲ. ಮೂರನೆಯ ಸಲ ಗಾಳಿಯ ಸದ್ದಿನೊಂದಿಗೆ ಬೋರಣ್ಣನ ದನಿ ಬಂತು. ಅವಳು ವಿಷಯ ಹೇಳಿದಳು. ಸಂಖ್ಯೆ ಇಲ್ಲದಿದ್ದರೆ ಕೆಲಸ ಸಿಗುವ ದಾರಿ ಮುಚ್ಚುತ್ತದೆ ಎಂಬುದನ್ನೂ ಹೇಳಿದಳು.

“ಎಷ್ಟ್ ಅದಾವೆ ಅಂತ ನಾನೇ ಎಣಿಸಿಲ್ಲವ್ವಾ. ನಮ್ಮಪ್ಪನೂ ಎಣಿಸಿರ್ಲಿಲ್ಲ. ನನ್ ಬಾಯಿಂದ ಬರಾಕಿಲ್ಲ.”

“ಅಂದಾಜು ಹೇಳಪ್ಪಾ ಸಾಕು.”

“ಅಂದಾಜೂ ಎಣಿಕೇನೇ ಅಲ್ವಾ? ಫೋಟೋದಾಗೆ ಐತೆ ಅಂತೀಯಲ್ಲ. ಬೇಕಂದ್ರೆ ನೀನೇ ಎಣಿಸ್ಕೋ. ಎಣಿಸಿದೆ ಅಂತ ನಂಗ್ ಹೇಳಬ್ಯಾಡ.”

ಅವನು ಸಿಟ್ಟಿನಿಂದ ಹೇಳಲಿಲ್ಲ. ಊಟ ಆಯಿತೇ ಎಂದು ಕೇಳಿ ಫೋನ್ ಇಟ್ಟ.

ಮೂರೂವರೆಯಾಗಿತ್ತು. ತ್ರಿವೇಣಿ ಚಿತ್ರವನ್ನು ಪರದೆ ತುಂಬ ದೊಡ್ಡದು ಮಾಡಿ ಮೌಸನ್ನು ಸ್ವಪ್ನಳ ಕಡೆ ತಳ್ಳಿದಳು. ಸ್ವಪ್ನ ಬಾಣದ ಗುರುತನ್ನು ಮುಂದಿನ ಎತ್ತಿನ ಮೇಲೆ ತಂದು ನಿಲ್ಲಿಸಿದಳು. ಅದರ ಹಿಂದೆ ಒಂದು ಕರು, ಅದರ ಹಿಂದೆ ಕೋಡುಗಳು ಒಂದರ ಮೇಲೊಂದು. ತ್ರಿವೇಣಿ ಗಡಿಯಾರ ನೋಡುತ್ತಿದ್ದಳು.

ಸ್ವಪ್ನ ಕೈ ತೆಗೆದಳು. ಎಣಿಸಿದರೂ ಅದು ಒಂದು ಬೆಳಗಿನ ಲೆಕ್ಕ, ಹದಿನೈದು ತಿಂಗಳ ಸರಾಸರಿ ಅಲ್ಲ ಎಂದಳು. ಅಪ್ಪ ಸಂಖ್ಯೆ ಹೇಳಿದ್ದರೂ ಅದನ್ನು ಸೇರಿಸುವುದು ಸರಿಯಾಗುತ್ತಿರಲಿಲ್ಲ ಎಂದಳು.

“ಇದನ್ನ ಫೋನ್ ಮಾಡೋಕ್ ಮುಂಚೆ ಹೇಳ್ಬೇಕಿತ್ತು” ಎಂದಳು ತ್ರಿವೇಣಿ.

“ಆಗ ಹೊಳೀಲಿಲ್ಲ. ಈಗ ತೀರ್ಮಾನನೇ ತೆಗೀಬೇಕು.”

ತೀರ್ಮಾನ ತೆಗೆದರೆ ಪೋಸ್ಟರ್‌ನಲ್ಲಿ ಏನು ಉಳಿಯುತ್ತದೆ ಎಂದು ತ್ರಿವೇಣಿ ಕೇಳಿದಳು. ಹುಲ್ಲಿನ ಅಳತೆ ಉಳಿಯುತ್ತದೆ, ಅದು ಸರಿಯಾಗಿದೆ ಎಂದಳು ಸ್ವಪ್ನ. ತೀರ್ಮಾನವನ್ನು ಅಳಿಸಿ ಆ ಜಾಗದಲ್ಲಿ ಹೀಗೆ ಬರೆದಳು: ಈ ಪ್ರದೇಶದಲ್ಲಿ ದೇವರಿಗೆ ಬಿಟ್ಟ ಒಂದು ಹಿಂಡು ನಿತ್ಯ ಮೇಯುತ್ತದೆ, ಅದನ್ನು ಎಣಿಸಿಲ್ಲ, ಆದ್ದರಿಂದ ಪಟ್ಟಿಯಲ್ಲಿರುವುದು ಕನಿಷ್ಠ ಸಂಖ್ಯೆ, ಮೇವಿನ ಒತ್ತಡದ ಬಗ್ಗೆ ಇದರಿಂದ ಏನನ್ನೂ ನಿರ್ಧರಿಸಲಾಗದು.

ಧ್ವನಿಯನ್ನೂ ಮತ್ತೆ ಮುದ್ರಿಸಬೇಕಿತ್ತು. ಪಕ್ಕದ ಮನೆಯ ಮಗ್ಗದ ಸದ್ದು ಗೋಡೆ ದಾಟಿ ಬರುತ್ತಿತ್ತು. ಬೆಳಿಗ್ಗೆ ಒಮ್ಮೆ ಬೇಡಿಕೊಂಡು ನಿಲ್ಲಿಸಿದ್ದಾಗಿತ್ತು. ತ್ರಿವೇಣಿ ಕಿಟಕಿಯಿಂದ ಬಗ್ಗಿ ನೇಕಾರ್ತಿ ಪಾತಮ್ಮನನ್ನು ಇನ್ನೊಮ್ಮೆ ಕೇಳಿದಳು.

“ನಿಲ್ಲಿಸ್ತೀನಿ ತಾಯಿ” ಎಂದಳು ಪಾತಮ್ಮ. “ಇನ್ನೊಂದ್ ಸಲ ಕೇಳಿದ್ರೆ ಸೆರಗು ನೀವೇ ಬಂದ್ ನೇಯ್ಬೇಕು.”

ಮಗ್ಗ ನಿಂತಿತು. ಸ್ವಪ್ನ ಎರಡು ಸಲ ತಡವರಿಸಿದಳು, ಮೂರನೆಯ ಸಲ ಮುಗಿಸಿದಳು. ನಾಲ್ಕೂ ಮುಕ್ಕಾಲಿಗೆ ಅಪ್‌ಲೋಡ್ ಶುರುವಾಗಿ ಅರ್ಧದಲ್ಲಿ ಕರೆಂಟು ಹೋಯಿತು. ತ್ರಿವೇಣಿ ಫೈಲನ್ನು ಪೆನ್‌ಡ್ರೈವ್‌ನಲ್ಲೂ ಇಟ್ಟಿದ್ದಳು. ಕೆಳಗೆ ಓಡಿ, ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದ ತಂದೆಯ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದಳು. ಅವರು ಹಿಂದಿನಿಂದ ಕೂಗಿದ್ದಕ್ಕೆ ಯಾರೂ ಓಗೊಡಲಿಲ್ಲ. ಫೋನಿನ ನೆಟ್ ಹಾಕಿ ಮತ್ತೆ ಕಳಿಸಿದರು. ನೀಲಿ ಗೆರೆ ನಿಧಾನವಾಗಿ ಬಲಕ್ಕೆ ಸರಿಯಿತು. ಐದಕ್ಕೆ ಎರಡು ನಿಮಿಷ ಇರುವಾಗ ಸ್ವೀಕೃತಿಯ ಸಂದೇಶ ಬಂತು. ಅಷ್ಟರಲ್ಲಿ ಪಾತಮ್ಮನ ಮಗ್ಗ ಮತ್ತೆ ಶುರುವಾಗಿತ್ತು.

ಮರುದಿನ ಬೆಳಿಗ್ಗೆ ಸಮ್ಮೇಳನದ ಪೋಸ್ಟರ್‌ಗಳ ಪಟ್ಟಿ ಪ್ರಕಟವಾಯಿತು. ತೀರ್ಮಾನವಿಲ್ಲದ ಪೋಸ್ಟರ್‌ಗಳನ್ನು ಸ್ಪರ್ಧೆಗೆ ಪರಿಗಣಿಸಿಲ್ಲ ಎಂದು ಅದರ ಕೆಳಗೆ ಒಂದು ಸಾಲಿತ್ತು. ಸ್ವಪ್ನ ಮತ್ತು ತ್ರಿವೇಣಿಯ ಪೋಸ್ಟರ್ ಬರೀ ಪ್ರದರ್ಶನದ ವಿಭಾಗದಲ್ಲಿತ್ತು. ಚಿತ್ರವನ್ನು ಕತ್ತರಿಸಿರಲಿಲ್ಲ, ಚಪ್ಪಲಿಯೂ ಹಾಗೇ ಇತ್ತು.